ದಿಂಬಿನೊಳಗಿನ ಬೆಕ್ಕು

ಹೊಲಿಗೆ ಮಿಷನ್ ನಿಂತರೂ ಸೀಟಿಯ ಸದ್ದು ನಿಲ್ಲಲಿಲ್ಲ. ಅಡುಗೆಮನೆಯಲ್ಲಿದ್ದ ದರ್ಜಿಯ ಹೆಂಡತಿ ಕೈ ಒರೆಸಿಕೊಳ್ಳುತ್ತ ಪರದೆ ಸರಿಸಿ ಮುಂದಿನ ಅಂಗಡಿಗೆ ಬಂದಳು. ಗಂಡ ಬಟ್ಟೆ ಕತ್ತರಿಸುವ ಮೇಜಿಗೆ ಎರಡೂ ಕೈ ಊರಿ ಬಾಗಿ ನಿಂತಿದ್ದ. ಸೀಟಿ ಅವನ ಎದೆಯೊಳಗಿನದು.

“ಮತ್ತೆ ಬಂತಾ?”

ಅವನು ತಲೆಯಾಡಿಸಿದ. ಅವಳು ಗೂಟಕ್ಕೆ ತೂಗಿಸಿದ್ದ ಅಂಗಿಯ ಜೇಬಿನಿಂದ ಇನ್‌ಹೇಲರ್ ತೆಗೆದುಕೊಟ್ಟಳು. ಎಳೆದುಕೊಂಡು ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು.

ಅಸ್ತಮಾ ಇದೆ, ಬೆಕ್ಕಿನ ಅಲರ್ಜಿ ಅದನ್ನು ಕೆರಳಿಸುತ್ತಿದೆ ಎಂದು ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದರು. ಎರಡು ಇನ್‌ಹೇಲರ್ ಕೊಟ್ಟಿದ್ದರು. ಒಂದು, ದಿನಾಲೂ ತಪ್ಪದೆ ತೆಗೆದುಕೊಳ್ಳಲು; ಇನ್ನೊಂದು, ಉಸಿರು ಕಟ್ಟಿದಾಗ. ಅಂಗಡಿಯ ಬೆಕ್ಕಿಗೆ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹಗಲೆಲ್ಲ ಕೂತು ಬೇರೆಯವರ ಕೆಲಸ ನೋಡುವುದೇ ಅದರ ಕೆಲಸ. ಆದರೆ ಅದು ಇದ್ದಷ್ಟು ದಿನ ಗಿರಾಕಿಗಳ ಬಟ್ಟೆಗೆ ಇಲಿ ಹಲ್ಲು ತಾಗಿಸಿರಲಿಲ್ಲ. ಡಾಕ್ಟರ ಮಾತು ಕೇಳಿ ಹೆಂಡತಿ ಮೇಸ್ತ್ರಿಯನ್ನು ತಮ್ಮನ ದಿನಸಿ ಅಂಗಡಿಗೆ ಬಿಟ್ಟು ಬಂದಿದ್ದಳು. ಅದಾಗಿ ಮೂರು ವಾರ.

“ನೋಡಿದ್ಯಾ,” ಎಂದ ದರ್ಜಿ. “ಬೆಕ್ಕೂ ಹೋಯ್ತು. ಇಲಿ ಕಡಿದು ಗಿರಾಕಿ ಒಬ್ಬರ ಕೋಟೂ ಹೋಯ್ತು. ದಮ್ಮು ಮಾತ್ರ ಮನೇಲೇ ಇದೆ. ಆ ದಿನಾ ತಗೊಳ್ಳೋ ಔಷಧಿ ಬಿಟ್ಟು ವಾರ ಆಯ್ತು. ಅಭ್ಯಾಸ ಆದ್ರೆ ಬಿಡೋಕಾಗಲ್ವಂತೆ.”

“ಯಾರು ಹೇಳಿದ್ದು, ಅಣ್ಣ?” ಬಾಗಿಲಲ್ಲಿ ಆಸ್ಪತ್ರೆಯ ನರ್ಸಮ್ಮ ನಿಂತಿದ್ದಳು. ಹೊಲಿಯಲು ಕೊಟ್ಟಿದ್ದ ತನ್ನ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದಿದ್ದಳು.

“ಮೊನ್ನೆ ಒಬ್ರು ಗಿರಾಕಿ ಹೇಳಿದ್ರು.”

“ಹಾಗಾದ್ರೆ ನನ್ನ ಮುಂದಿನ ಕೋಟೂ ಅವರ ಹತ್ರಾನೇ ಹೊಲಿಸ್ತೀನಿ. ಔಷಧಿ ಬಲ್ಲವರಿಗೆ ಹೊಲಿಗೇನೂ ಬರುತ್ತೇನೋ.”

ಹೆಂಡತಿ ನಕ್ಕಳು. ದರ್ಜಿ ನಗಲಿಲ್ಲ. “ಬೆಕ್ಕೇ ಇಲ್ಲದ ಮನೇಲಿ ಬೆಕ್ಕಿನ ಕಾಯಿಲೆ ಹೆಂಗಮ್ಮ ಬರುತ್ತೆ?”

“ಯಾವಾಗ ಜಾಸ್ತಿ?”

“ಬೆಳಿಗ್ಗೆ ಏಳುವಾಗ,” ಎಂದಳು ಹೆಂಡತಿ.

“ಮಲಗೋ ಜಾಗ ತೋರಿಸಿ, ಅತ್ತಿಗೆ.”

ಒಳಗೆ ಮಂಚ, ಒಂದು ಕಿಟಕಿ, ಗುಂಡಗಿನ ದೊಡ್ಡ ದಿಂಬು. ನರ್ಸಮ್ಮ ದಿಂಬನ್ನು ಎತ್ತಿ ನೋಡಿದಳು. ಭಾರವಾಗಿತ್ತು.

“ಇದಕ್ಕೇನು ತುಂಬಿದ್ದೀರಿ?”

“ಕತ್ತರಿಸಿ ಉಳಿದ ಚೂರು ಬಟ್ಟೆ. ದರ್ಜಿ ಮನೇಲಿ ಯಾರಾದ್ರೂ ಹತ್ತಿ ಕೊಳ್ತಾರಾ?”

“ಆ ಚೂರೆಲ್ಲ ಎಲ್ಲಿ ಕೂಡಿಡ್ತೀರಿ?”

“ಮೇಜಿನ ಕೆಳಗಿನ ಬುಟ್ಟೀಲಿ...” ಎಂದವಳು ಅಲ್ಲಿಗೇ ನಿಂತಳು. ಗಂಡನ ಮುಖ ನೋಡಿದಳು. ಆ ಬುಟ್ಟಿ ಮೇಸ್ತ್ರಿಯ ಹಾಸಿಗೆಯಾಗಿತ್ತು. ನಾಲ್ಕು ವರ್ಷ ಅದು ಮಲಗಿದ್ದು ಅದರಲ್ಲೇ.

“ಕಳ್ಳನ್ನ ಓಡಿಸಿ ಅವನ ಗಂಟಿನ ಮೇಲೇ ತಲೆ ಇಟ್ಟು ಮಲಗಿದ್ದೀರಿ,” ಎಂದಳು ನರ್ಸಮ್ಮ. “ತೊಂದರೆ ಬರೀ ಕೂದಲಿಂದ ಅಲ್ಲ, ಅಣ್ಣ. ಬೆಕ್ಕು ಮೈ ನೆಕ್ಕುತ್ತಲ್ಲ, ಆ ಜೊಲ್ಲು, ಚರ್ಮದ ಹೊಟ್ಟು ಒಣಗಿ ಪುಡಿಯಾಗಿ ಬಟ್ಟೆಗೆ ಅಂಟುತ್ತೆ. ಬೆಕ್ಕು ಹೋದ್ರೂ ತಿಂಗಳುಗಟ್ಟಲೆ ಇರುತ್ತೆ. ಇನ್ನು ಆ ದಿನಾ ತಗೊಳ್ಳೋ ಔಷಧಿ ಚಟ ಹತ್ತೋದಲ್ಲ. ಒಳಗಿನ ಊತ ನಿಧಾನಕ್ಕೆ ಇಳಿಸುತ್ತೆ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ. ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ.”

“ಬೆಕ್ಕಿಗೆ ಚೆಲ್ಲಾಟ, ದರ್ಜಿಗೆ ಪ್ರಾಣಸಂಕಟ,” ಎಂದು ಹೆಂಡತಿ ಗೊಣಗಿದಳು.

ದಿಂಬು ಅಂದೇ ಕಸದ ಗಾಡಿ ಹತ್ತಿತು. ಹೊದಿಕೆ, ಪರದೆ ಬಿಸಿನೀರಲ್ಲಿ ಮುಳುಗಿದವು. ಪೊರಕೆ ಹಿಡಿದರೆ ಪುಡಿ ಏಳುತ್ತದೆಂದು ನೆಲ, ಮೇಜುಗಳನ್ನು ಒದ್ದೆ ಬಟ್ಟೆಯಿಂದಲೇ ಒರೆಸತೊಡಗಿದರು. ಚೂರು ಬಟ್ಟೆಗೆ ಮುಚ್ಚಳದ ಡಬ್ಬ ಬಂತು. ದಿನದ ಇನ್‌ಹೇಲರ್ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಕೂತಿತು; ಅಲ್ಲಾದರೆ ಮರೆಯುವಂತಿಲ್ಲ.

ಎರಡು ತಿಂಗಳಾದ ಮೇಲೆ ದರ್ಜಿಯಿಂದ ಕೊಳವೆಯೊಳಗೆ ಊದಿಸಿ ನೋಡಿದ ಡಾಕ್ಟರು ಉಸಿರು ಚೆನ್ನಾಗಿದೆ ಎಂದರು. ಅವನು ತಲೆ ಕೆರೆದುಕೊಂಡು ಮೇಸ್ತ್ರಿಯ ಮಾತು ತೆಗೆದ. ಹಿತ್ತಿಲಲ್ಲಿ ಸೌದೆಯ ಗೂಡಿದೆ, ಇಲಿ ಬರುವುದೂ ಆ ಕಡೆಯಿಂದಲೇ, ಬೆಕ್ಕನ್ನು ಅಲ್ಲಿ ಇಟ್ಟುಕೊಳ್ಳಬಹುದೇ ಎಂದ.

“ಮನೆಯೊಳಗೆ, ಅಂಗಡಿಯೊಳಗೆ ಬಿಡಬೇಡಿ. ಅದರ ಆರೈಕೆ ನಿಮ್ಮ ಹೆಂಡತಿ ಮಾಡಲಿ, ಮುಟ್ಟಿದ ಮೇಲೆ ಕೈ ತೊಳೆಯಲಿ. ಉಸಿರು ಮತ್ತೆ ಕೆಟ್ಟರೆ ಬೆಕ್ಕಿಗೆ ಬೇರೆ ಮನೆಯೇ ಸರಿ.”

“ಆಗಲಿ ಡಾಕ್ಟ್ರೇ. ಮೂಗಿಗಿಂತ ಮೂಗುತಿ ಭಾರ ಆಗಬಾರದು.”

ಮೇಸ್ತ್ರಿ ಈಗ ಹಿತ್ತಿಲಲ್ಲಿದೆ. ಬಾಗಿಲ ಜಾಲರಿಯಾಚೆ ಕೂತು ಒಳಗಿನ ಕೆಲಸ ನೋಡುತ್ತದೆ.

ಮೊನ್ನೆ ಮಧ್ಯಾಹ್ನ ಮಿಷನ್ ನಿಂತಿತು. ಆಮೇಲೆ ಯಾವ ಸದ್ದೂ ಇಲ್ಲ. ಹೆಂಡತಿ ಓಡಿಬಂದು ನೋಡಿದರೆ ಗಂಡ ಕಣ್ಣು ಕಿರಿದು ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದ.

“ಏನೇ?”

“ಏನಿಲ್ಲ ರೀ. ಸದ್ದೇ ಇಲ್ವಲ್ಲ ಅಂತ ಬಂದೆ.” ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಆ ನಿಶ್ಶಬ್ದವನ್ನು ಸ್ವಲ್ಪ ಹೊತ್ತು ಕೇಳಿದಳು.

ನಿಮ್ಮ ಮನೆಯಲ್ಲೂ ಬೆಕ್ಕು, ಸೀಟಿಯ ಉಸಿರು ಎರಡೂ ಇದ್ದರೆ ಇವತ್ತೇ ಒಮ್ಮೆ ಮಲಗುವ ಕೋಣೆಗೆ ಹೋಗಿ ದಿಂಬು, ಹೊದಿಕೆ ಎತ್ತಿ ನೋಡಿ. ಡಾಕ್ಟರನ್ನು ಕಾಣಿ. ಕೊಟ್ಟ ಔಷಧಿಯನ್ನು ಚೆನ್ನಾಗಿದ್ದ ದಿನವೂ ಬಿಡಬೇಡಿ. ಒಂದು ಮಾತು ಪೂರ್ತಿ ಆಡಲಾಗದಷ್ಟು ಉಸಿರು ಸಿಕ್ಕಿಕೊಂಡರೆ, ತುಟಿ ನೀಲಿಯಾದರೆ, ಔಷಧಿಗೂ ಜಗ್ಗದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.