ಎರಡು ತಾಸಿನ ಸೀಸೆ

ವಿಜಯಲಕ್ಷ್ಮಿ ತವರಿಗೆ ಬರಿಗೈಯಲ್ಲಿ ಬಂದವಳೇ ಅಲ್ಲ. ಈ ಸಲ ಅವಳ ಕಂಕುಳಲ್ಲಿ ಒಂದು ಹುಂಜವಿತ್ತು. ಬೆಂಕಿಯಂಥ ಕೆಂಪು ಮೈ, ಕಪ್ಪು ಬಾಲ, ನೋಡಿದವರು ಇನ್ನೊಮ್ಮೆ ನೋಡಬೇಕು, ಹಾಗಿತ್ತು. ಯಮಕನಮರಡಿಯ ಹತ್ತಿರ ಹೆದ್ದಾರಿ ಬದಿಯಲ್ಲಿ ಬುಟ್ಟಿಯಿಟ್ಟು ಮಾರುತ್ತಿದ್ದವನಿಂದ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ದಡ್ಡಿಯವರೆಗೆ ತಂದಿದ್ದಳು.

"ಚೊಲೊ ತಳಿ ಐತಿ, ವೈನಿ. ಹಿತ್ತಲದಾಗ ಬಿಡು," ಎಂದಳು ಅತ್ತಿಗೆಗೆ.

ಅನ್ನಪೂರ್ಣಾ ಹುಂಜವನ್ನು ಎರಡೂ ಕೈಯಲ್ಲಿ ಪ್ರೀತಿಯಿಂದಲೇ ತೆಗೆದುಕೊಂಡಳು. ಆದರೆ ಹಿತ್ತಲಿಗೆ ಹೋಗಲಿಲ್ಲ. ಮನೆಯ ಮುಂದಿನ ಹಳೆಯ ಚಕ್ಕಡಿ ಛಪ್ಪರದೊಳಗೆ ಬಿಟ್ಟು, ಬೇರೆ ಬಟ್ಟಲಲ್ಲಿ ನೀರಿಟ್ಟು, ಬಾಗಿಲಿಗೆ ತಟ್ಟಿ ಕಟ್ಟಿದಳು.

"ನಮ್ಮ ಹುಂಜಕ್ಕ ಜೈಲ ಏನು?" ಎಂದಳು ವಿಜಯಲಕ್ಷ್ಮಿ.

"ಹದಿನೈದ ದಿನ ಅಷ್ಟ. ಆರಾಮ ಇತ್ತಂದ್ರ ನಾನ ಎತ್ಕೊಂಡ ಹೋಗಿ ಉಳಿದವುಗಳ ಜೋಡಿ ಬಿಡತೇನಿ."

ಅತ್ತೆ ಮಾಯವ್ವನಿಗೆ ಇದು ಸರಿಬರಲಿಲ್ಲ. "ಮನಿ ಮಗಳು ಆಸೆಪಟ್ಟು ತಂದಾಳ. ಹಿಂಗ ಹೊರಗ ಕಟ್ಟಿದ್ರ ಆಕಿಗೆ ಹೆಂಗ ಅನಸಬೇಕು?"

"ಆಕಿ ಮ್ಯಾಲ ನನಗ ಏನ ಸಿಟ್ಟಿಲ್ರಿ, ಅತ್ತಿ. ಹುಂಜದ ಮೈಯಾಗ ಏನೈತಿ ಅನ್ನೂದು ಆಕಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ವಿಜಯಲಕ್ಷ್ಮಿ ಮುಖ ಸಣ್ಣದು ಮಾಡಿಕೊಂಡಳು. ಮರುದಿನ ಚಹಾ ಕುಡಿದವಳೇ ಹೊರಟುಬಿಟ್ಟಳು. ಅನ್ನಪೂರ್ಣಾಳಿಗೆ ಕೆಡುಕೆನಿಸಿತು. ಆದರೂ ತಟ್ಟಿ ಬಿಚ್ಚಲಿಲ್ಲ. ಮೂರು ವರ್ಷದ ಹಿಂದೆ ಅವಳ ಹಿತ್ತಲು ಒಂದೇ ವಾರದಲ್ಲಿ ಖಾಲಿಯಾಗಿತ್ತು. ಆಗಲೂ, ಈಗಿನಂತೆಯೇ, ಗಂಡ ಮಾಲಿಂಗ ಕುರಿ ಹಿಂಡಿನ ಜೊತೆ ದೂರವಿದ್ದ. ಗುಂಡಿ ತೋಡಿ, ಸತ್ತ ಕೋಳಿಗಳನ್ನು ಒಂದೊಂದಾಗಿ ಇಳಿಸಿದವಳು ಇವಳೇ. ಅಂದಿನಿಂದ ಪಶು ಡಾಕ್ಟರರನ್ನು ಕಂಡಲ್ಲೆಲ್ಲ ನಿಲ್ಲಿಸಿ ಕೇಳಿ ಕೇಳಿ ಕಲಿತಿದ್ದಳು. ಈಗ ಹಿತ್ತಲಲ್ಲಿ ಮರಿಗಳನ್ನು ಬಿಟ್ಟು ಇಪ್ಪತ್ತೆಂಟು ಕೋಳಿಗಳಿದ್ದವು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರೆ, ಯಾವುದು ಹಾರಿ ಬಂತು, ಯಾವುದು ಕಾಲೆಳೆಯಿತು, ಯಾವುದು ನುಚ್ಚಿಗೆ ಬಾಯಿ ಹಾಕದೆ ನಿಂತಿತು ಎಂಬುದೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು.

ಐದನೆಯ ದಿನ ಛಪ್ಪರದ ಹುಂಜ ಕೂಗಲಿಲ್ಲ. ಇಣುಕಿ ನೋಡಿದರೆ ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಹಿಕ್ಕೆ ಹಸಿರಾಗಿತ್ತು, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಂದಕ್ಕೆ ತಿರುಚಿಕೊಂಡಿತು.

"ಕೊಕ್ಕರೆ ರೋಗ," ಎಂದಳು ಅನ್ನಪೂರ್ಣಾ. ಮೂರು ವರ್ಷದ ಹಿಂದೆ ಕಂಡದ್ದೂ ಇದನ್ನೇ.

ಮಾಯವ್ವ ಎದ್ದು ಹಿತ್ತಲಿಗೆ ಹೋಗಿ, ಹೊರಗೆ ಮೇಯುತ್ತಿದ್ದ ಕೋಳಿಗಳನ್ನು ಸೆರಗು ಬೀಸಿ ಗೂಡಿಗೆ ಅಟ್ಟಿ ಅಗಳಿ ಹಾಕಿದಳು.

ಸಂಜೆಗೆ ಹುಂಜ ಸತ್ತಿತು. ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂತು, ಕೈಕಾಲು ತೊಳೆದು, ಸೀರೆ ಬದಲಿಸಿ ಅನ್ನಪೂರ್ಣಾ ಡಾಕ್ಟರರಿಗೆ ಫೋನ್ ಹಚ್ಚಿದಳು.

"ಹೋದ ವರ್ಷದ ಲಸಿಕಿ ಈಗ ಕೆಲಸಕ್ಕ ಬರೂದಿಲ್ಲ. ಹೊಸಾದ ಹಾಕಬೇಕು," ಎಂದರು ಅವರು. "ಆದ್ರ ಸೀಸೆ ನೂರು ಕೋಳಿದು. ಕಲಸಿದ ಮ್ಯಾಲ ಎರಡು ತಾಸಿನ್ಯಾಗ ಮುಗೀಬೇಕು. ನಿಮ್ಮವು ಎಷ್ಟ ಅದಾವ್ರಿ?"

"ನಮ್ಮ ಓಣ್ಯಾಗ ನೂರ ಅದಾವ್ರಿ, ಸಾಹೇಬ್ರ. ಬರ್ಫ ತಗೊಂಡು ಮುಂಜಾನೆ ಬರತೇನಿ."

ಆಮೇಲೆ ವಿಜಯಲಕ್ಷ್ಮಿಗೆ ಫೋನ್ ಮಾಡಿದಳು. ಆ ಕಡೆಯಿಂದ ಅಳು ಕೇಳಿಸಿತು. "ನಾನ ತಂದ ಹಚ್ಚಿದಂಗಾತಲ್ಲ, ವೈನಿ."

"ಹಚ್ಚಿಲ್ಲ, ಹುಚ್ಚಿ. ಛಪ್ಪರ ದಾಟಿ ಒಳಗ ಬಂದಿಲ್ಲ ಅದು. ಮೊದಲ ನಿನ್ನ ಮನ್ಯಾಗಿನ ಕೋಳಿ ನೋಡ್ಕೊ."

ಅಂದು ರಾತ್ರಿ ಉಣ್ಣುವ ಹೊತ್ತಿಗೆ ಅನ್ನಪೂರ್ಣಾ ಓಣಿಯ ಉಳಿದ ಏಳೂ ಮನೆಗಳ ಬಾಗಿಲಿಗೆ ಹೋಗಿ ಬಂದಿದ್ದಳು. ಹೇಳಿದ ಮಾತು ಒಂದೇ. "ನಾಳೆ ಮುಂಜಾನೆ ಗೂಡ ತೆಗೀಬ್ಯಾಡ್ರಿ. ಎಲ್ಲಾರೂ ಒಂದ ಕಡೆ ಕೋಳಿ ತರೂದೂ ಬ್ಯಾಡ. ನಾನ ಲಸಿಕಿ ತಗೊಂಡು ನಿಮ್ಮ ನಿಮ್ಮ ಬಾಗಲಕ್ಕ ಬರತೇನಿ, ಕೋಳಿ ಕಣ್ಣಾಗ ಒಂದೊಂದ ಹನಿ ಬಿಡತೇನಿ." ಕೆಲವರು ಹೂಂ ಅಂದರು, ಕೆಲವರು ನಕ್ಕರು. ತುದಿಮನೆಯ ಸತ್ತೆಪ್ಪ ಮಾತ್ರ ಕಟ್ಟೆಯ ಮೇಲಿಂದ ಏಳದೆ, "ಕಣ್ಣಾಗ ಒಂದ ಹನಿ ಬಿಟ್ರ ಬ್ಯಾನಿ ಓಡತೈತೇನು?" ಎಂದ.

"ಬ್ಯಾನಿ ಬಂದದ್ದು ಓಡೂದಿಲ್ಲ, ಕಾಕಾ. ಬರದಂಗ ತಡೀತೈತಿ," ಎಂದು ಹೇಳಿ ಬಂದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಯಮಕನಮರಡಿಯ ಡಾಕ್ಟರರ ಹತ್ತಿರ ಹೋಗಿ, ಲಸಿಕೆಯ ಸೀಸೆಯನ್ನೂ ಅದನ್ನು ಕಲಸುವ ನೀರನ್ನೂ ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟುಕೊಂಡು ಮರಳಿ ಊರಿನ ಬಸ್ಸು ಹತ್ತಿದಳು. ಅರ್ಧ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ಚಕ್ರ ಕಳಚಿ ರಸ್ತೆಗೆ ಅಡ್ಡ ಕೂತಿತ್ತು. ಬಸ್ಸು ನಿಂತಿತು. ಬಿಸಿಲೇರಿತು. ಥರ್ಮಾಸಿನ ಮುಚ್ಚಳ ತೆಗೆದು ನೋಡಿದರೆ ಬರ್ಫ ಕರಗಿ ಅರ್ಧಕ್ಕೆ ಬಂದಿತ್ತು. ಅನ್ನಪೂರ್ಣಾ ಇಳಿದು, ಹಿಂದೆ ಬಿಟ್ಟುಬಂದ ಕಬ್ಬಿನ ಹಾಲಿನ ಅಂಗಡಿಯತನಕ ನಡೆದಳು.

"ಹಾಲ ಬ್ಯಾಡ್ರಿ, ಬರೇ ಬರ್ಫ ಬೇಕು. ಕೋಳಿ ಔಷಧ ಕೆಡಾಕತ್ತೈತಿ."

ಅಂಗಡಿಯವನು ಗೋಣಿಚೀಲ ಸರಿಸಿ, ಬರ್ಫದ ತುಂಡು ಒಡೆದು ಥರ್ಮಾಸಿನ ಬಾಯಿಮಟ ತುಂಬಿಕೊಟ್ಟ. ಅವಳು ಮರಳುವ ಹೊತ್ತಿಗೆ ಬಸ್ಸು ಹೊರಡಲು ಅಣಿಯಾಗಿತ್ತು.

ಓಣಿಗೆ ಬಂದಾಗ ಗೂಡುಗಳೊಳಗಿನ ಕೋಳಿಗಳ ಗದ್ದಲ ಬೀದಿಗೆಲ್ಲ ಕೇಳುತ್ತಿತ್ತು. ತುದಿಮನೆಯ ಬಾಗಿಲಲ್ಲೇ ಸತ್ತೆಪ್ಪ ನಿಂತಿದ್ದ.

"ಓಣ್ಯಾಗ ಹಿರ್ಯಾ ನಾನು. ನಮ್ಮ ಮನಿಯಿಂದ ಸುರು ಮಾಡು."

ನಿನ್ನೆ ಹಂಗಿಸಿದವನಿಗೆ ಇಂದು ಇಷ್ಟು ಅವಸರವೇಕೆ ಎಂದುಕೊಳ್ಳುತ್ತ ಅನ್ನಪೂರ್ಣಾ ಅವನ ಹೆಗಲ ಮೇಲಿಂದ ಅಂಗಳದತ್ತ ಕಣ್ಣು ಹಾಯಿಸಿದಳು. ಗೋಡೆಯ ಪಕ್ಕ ಬುಟ್ಟಿ ಕವುಚಿತ್ತು. ಅದರ ಅಂಚಿನಿಂದ ಎರಡು ಕಾಲು ಸೆಟೆದು ಹೊರಬಂದಿದ್ದವು. ಬಾಜೂದಲ್ಲಿ ಒಂದು ಹ್ಯಾಟೆ ಕೋಳಿ ತಲೆ ಜೋತುಬಿಟ್ಟು ತೂಕಡಿಸುತ್ತಿತ್ತು.

"ಕಾಕಾ, ನೀವೂ ಆ ಹೆದ್ದಾರಿ ಬುಟ್ಟ್ಯಾವನ ಕಡೆ ಕೋಳಿ ತಗೊಂಡ್ರಿ?"

ಸತ್ತೆಪ್ಪ ತಿರುಗಿ ಬುಟ್ಟಿಯತ್ತ ನೋಡಿ, "ಎರಡ ತಂದಿದ್ದೆ," ಎಂದ.

"ಹಂಗಾರ ನಿಮ್ಮ ಮನಿ ಕಡೀಕ. ಇಲ್ಲಿ ಕಾಲಿಟ್ಟು ನಾ ಬ್ಯಾರೆ ಮನಿಗೆ ಹೋಗೂದಿಲ್ಲ."

"ಓಣಿ ಮುಂದ ನನ್ನ ಮರ್ಯಾದಿ ತೆಗೀತಿ?"

"ಮರ್ಯಾದಿ ನಿಮ್ಮದ ನಿಮ್ಮ ಕಡೇನ ಐತ್ರಿ. ನಾ ಉಳದ ಕೋಳಿ ನೋಡಬೇಕು."

ಸತ್ತೆಪ್ಪ ದಡಾರನೆ ಬಾಗಿಲು ಹಾಕಿಕೊಂಡ. ಅಷ್ಟು ಹಿರಿಯರಿಗೆ ಅನ್ನಪೂರ್ಣಾ ಎದುರಾಡಿದ್ದು ಇದೇ ಮೊದಲು. ಮನೆಗೆ ಬಂದು ಸೀಸೆ ತೆಗೆದು, ತಣ್ಣನೆಯ ನೀರು ಹಾಕಿ ಕಲಸಿದಳು. ಮಾಯವ್ವ ಗಡಿಯಾರ ನೋಡಿ ಹೊತ್ತು ಹೇಳಿದಳು. ಒಂಬತ್ತೂವರೆ.

ಮೊದಲು ತಮ್ಮ ಹಿತ್ತಲು. ಮಾಯವ್ವ ಕೋಳಿಯ ರೆಕ್ಕೆ ಒತ್ತಿ ಹಿಡಿದು ತಲೆ ಓರೆ ಮಾಡಿದರೆ, ಅನ್ನಪೂರ್ಣಾ ಕಣ್ಣಿಗೆ ಒಂದು ಹನಿ ಬಿಟ್ಟು, ಕೋಳಿ ರೆಪ್ಪೆ ಬಡಿಯುವತನಕ ಕಾಯುತ್ತಿದ್ದಳು. ಅಲ್ಲಿಂದ ಮುಂದಿನ ಮನೆ, ಅದರ ಮುಂದಿನದು. ಹನಮವ್ವನ ಹುಂಜ ತಪ್ಪಿಸಿಕೊಂಡು ಛಾವಣಿ ಹತ್ತಿ ಕೂತಾಗ ಓಣಿಯೆಲ್ಲ ನಕ್ಕಿತು. ಅದನ್ನು ಇಳಿಸುವುದರಲ್ಲೇ ಹತ್ತು ನಿಮಿಷ ಹೋಯಿತು. ಏಳನೆಯ ಮನೆ ಮುಗಿದಾಗ ಹನ್ನೊಂದು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಸೀಸೆಯಲ್ಲಿ ಇನ್ನೂ ಔಷಧವಿತ್ತು.

ಸತ್ತೆಪ್ಪನ ಬಾಗಿಲು ಮುಚ್ಚಿಯೇ ಇತ್ತು. ಅನ್ನಪೂರ್ಣಾ ಚಿಲಕ ಬಡಿದಳು.

"ಕಾಕಾ, ಇಪ್ಪತ್ತ ನಿಮಿಷ ಐತಿ. ಆಮ್ಯಾಲೆ ಇದು ಚೆಲ್ಲೂದ. ನನ್ನ ಮ್ಯಾಲಿನ ಸಿಟ್ಟು ನಾಳೆ ಮಾಡ್ರಿ, ನಾ ಎಲ್ಲೂ ಹೋಗೂದಿಲ್ಲ. ಈಗ ಕೋಳಿ ಹಿಡೀರಿ."

ಅವಳು ಮತ್ತೆ ಬಡಿದಳು. ಬಾಗಿಲು ತೆರೆಯಿತು. ಸತ್ತೆಪ್ಪನ ಕಂಕುಳಲ್ಲಿ ಒಂದು ಬಿಳಿ ಕೋಳಿ ಇತ್ತು.

"ಇದು ಆರಾಮ ಐತೇನು ನೋಡವಾ," ಎಂದ, ಮೆಲ್ಲಗೆ.

ಕಣ್ಣು, ಕೊಕ್ಕು, ಹಿಂಬದಿ ಎಲ್ಲ ನೋಡಿ ಅನ್ನಪೂರ್ಣಾ ಹನಿ ಬಿಟ್ಟಳು. ಚುರುಕಾಗಿದ್ದ ಹನ್ನೊಂದನ್ನು ಬೇರೆ ಕೋಣೆಗೆ ಸೇರಿಸಿ ಅವಕ್ಕೆ ಮಾತ್ರ ಹಾಕಿದಳು. ಜೋತುಬಿದ್ದವುಗಳನ್ನು ಬೇರೆ ಕೂಡಿಹಾಕಲು ಹೇಳಿದಳು. ಬುಟ್ಟಿಯ ಕೆಳಗಿನದನ್ನು ಹೂಳಲು ಸುಣ್ಣ ತಾನೇ ತಂದುಕೊಟ್ಟಳು. "ಇವು ಎಲ್ಲಾ ಉಳೀತಾವ ಅಂತ ನಾ ಮಾತ ಕೊಡೂದಿಲ್ರಿ. ಬ್ಯಾನಿ ಒಳಗ ಹೊಕ್ಕಿದ್ರ ಹನಿ ಏನೂ ಮಾಡೂದಿಲ್ಲ."

ಆ ವಾರ ಸತ್ತೆಪ್ಪನ ಅಂಗಳದಲ್ಲಿ ಹತ್ತು ಕೋಳಿ ಸತ್ತವು. ಹನಿ ಹಾಕಿಸಿಕೊಂಡವುಗಳಲ್ಲಿ ಏಳು ಉಳಿದವು. ಉಳಿದ ಓಣಿಯಲ್ಲಿ ಒಂದೂ ಸಾಯಲಿಲ್ಲ.

ಎರಡು ತಿಂಗಳ ಮೇಲೆ ಸತ್ತೆಪ್ಪ ಬಂದು, ತನ್ನ ಬಿಳಿ ಕೋಳಿ ಕಾವಿಗೆ ಕೂತಿದೆ, ಅದಕ್ಕೆ ಇಡಲು ಹತ್ತು ತತ್ತಿ ಬೇಕು ಎಂದ. ಅನ್ನಪೂರ್ಣಾ ತತ್ತಿ ಕೊಡುವ ಮೊದಲು ಅವನ ಜೊತೆ ಹೋಗಿ ಗೂಡು ನೋಡಿದಳು. ಹೊಸದಾಗಿ ಸುಣ್ಣ ಬಳಿದಿದ್ದ, ನೆಲಕ್ಕೆ ಬೂದಿ ಹರಡಿದ್ದ. ಆದರೆ ಹಿಂದಿನ ಗೋಡೆಯ ಬುಡದಲ್ಲಿ ಅವಳ ಮುಷ್ಟಿ ಹೋಗುವಷ್ಟು ದೊಡ್ಡ ತೂತಿತ್ತು.

"ಮುಂಗಸಿಗೆ ಬಾಗಲಾ ಇಟ್ಟಂಗೈತಿ, ಕಾಕಾ. ಇದನ್ನ ಮುಚ್ರಿ. ಸಂಜಿಕ ತತ್ತಿ ತಂದ ಕೊಡತೇನಿ."

ಸತ್ತೆಪ್ಪ ಪಂಚೆ ಮೇಲೆ ಕಟ್ಟಿಕೊಂಡು ಮಣ್ಣು ಕಲಸಲು ಕೂತ.