ಉಪಯೋಗಕ್ಕೆ ಬಾರದ ಸ್ಕ್ರೂಗಳು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಸಾಯುವುದಿಲ್ಲ. ವೇಷ ಬದಲಿಸುತ್ತದೆ, ಅಷ್ಟೇ. ನನ್ನ ಗಂಡನ ಹಳೆಯ ಪ್ಯಾಂಟು ಈಗ ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿದೆ. ಒಂದು ಕಾಲಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಆಲೂಗಡ್ಡೆ. ಎರಡರಲ್ಲಿ ಯಾವುದು ಬೇಕಾದರೂ ಮೊದಲು ಜಿಪ್ಪು ಎಳೆಯಬೇಕು. ನೆಂಟರು ಬಂದಾಗ ನಾನು ಈರುಳ್ಳಿ ಇಲ್ಲದ ಅಡುಗೆಯನ್ನೇ ಮಾಡುತ್ತೇನೆ. ಸವೆದ ಹಲ್ಲುಜ್ಜುವ ಬ್ರಷ್ಷುಗಳು ಬಿಸಿನೀರಲ್ಲಿ ಬಗ್ಗಿ ಗೋಡೆಗೆ ಕೊಕ್ಕೆಗಳಾಗಿವೆ. ಗಾಳಿಗೆ ಮಗುಚಿ ಹೋದ ಛತ್ರಿಯ ಬಟ್ಟೆ ನನ್ನ ಬುತ್ತಿಚೀಲವಾಗಿದೆ. ಇದೆಲ್ಲ ನನ್ನ ಅತ್ತೆಯ ಕೈಚಳಕ.

ಕೈಚಳಕ ನಿಜ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಕೈಗೆ ಬೇಕಾಗುವ ಸಾಮಾನು ಇರುವುದು ಎಲ್ಲಿ? ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ. ಮುಚ್ಚಳ ಕಳೆದುಕೊಂಡ ಬಾಟಲಿಗಳು, ಬಾಟಲಿ ಕಳೆದುಕೊಂಡ ಮುಚ್ಚಳಗಳು, ಒಂಟಿ ಕಾಲುಚೀಲಗಳು, ನಿಂತ ಗಡಿಯಾರಗಳು, ಹಿಡಿ ಮುರಿದ ಬಟ್ಟಲುಗಳು. ಆ ಬಾಗಿಲು ತೆರೆಯಬೇಕಾದರೆ ಒಂದು ಕಾಲನ್ನು ಅಡ್ಡ ಇಟ್ಟುಕೊಂಡೇ ತೆರೆಯಬೇಕು, ಇಲ್ಲವಾದರೆ ಎಲ್ಲವೂ ಮೈಮೇಲೆ ಬೀಳುತ್ತವೆ. ನಾನೋ, ಒಂದು ಆಸ್ಪತ್ರೆಯ ಕಡತಗಳ ಕೋಣೆಯಲ್ಲಿ ಕೆಲಸ ಮಾಡುವವಳು. ಅವಧಿ ಮುಗಿದ ಕಾಗದವನ್ನು ಚೂರು ಮಾಡುವ ಯಂತ್ರಕ್ಕೆ ಹಾಕುವುದೇ ನನ್ನ ಉದ್ಯೋಗ. ಇಡೀ ದಿನ ಹಾಗೆ ಬೇಡದ್ದನ್ನು ತೀರಿಸಿ ಮನೆಗೆ ಬಂದು ಆ ಕಪಾಟು ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಬಾಯಿಬಿಟ್ಟು ಹೇಳಿದರೆ ಜಗಳ. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಪ್ರತಿ ಗುರುವಾರ ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದ ಕೂಡಲೇ ಕಪಾಟಿನಿಂದ ಎರಡೋ ಮೂರೋ ವಸ್ತುಗಳನ್ನು ಎತ್ತಿ ಬುತ್ತಿಯ ಕೆಳಗೆ ತುರುಕುತ್ತಿದ್ದೆ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕಸದ ಡಬ್ಬ ಇತ್ತು, ಅಲ್ಲಿಗೆ ಅವುಗಳ ಯಾತ್ರೆ. ಎರಡು ನಿಯಮ ಇಟ್ಟುಕೊಂಡಿದ್ದೆ. ಮುಂದಿನ ಸಾಲಿನದನ್ನು ಮುಟ್ಟಬಾರದು, ಹಿಂದಿನ ಸಾಲಿನದು ಮಾತ್ರ. ಮತ್ತೆ, ಒಂದೇ ಸಲಕ್ಕೆ ಆಸೆಬುರುಕಿ ಆಗಬಾರದು. ಎರಡು ವರ್ಷ ಹೀಗೆ ನಡೆಯಿತು. ಅತ್ತೆಗೆ ಗೊತ್ತಾಗಲೇ ಇಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ವಿಚಿತ್ರವೆಂದರೆ, ಎಷ್ಟು ತೆಗೆದರೂ ಹಿಂದಿನ ಸಾಲು ಖಾಲಿ ಆಗುತ್ತಿರಲಿಲ್ಲ. ಬಾವಿಯಲ್ಲಿ ನೀರು ಜಿನುಗಿದ ಹಾಗೆ ಮುಂದಿನ ಗುರುವಾರಕ್ಕೆ ಮತ್ತೆ ತುಂಬಿರುತ್ತಿತ್ತು.

ಆ ಒಂದು ಗುರುವಾರ ನನ್ನ ಕೈಗೆ ಸಿಕ್ಕಿದ್ದು ಹಸಿರು ಬಣ್ಣದ ಗುಂಡನೆಯ ಬಿಸ್ಕತ್ತಿನ ಡಬ್ಬಿ. ಅಲ್ಲಾಡಿಸಿದರೆ ಗಲಗಲ ಅಂದಿತು. ಮೇಲೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ತುಂಡು, ಅದರ ಮೇಲೆ ಪೆನ್ನಿನಲ್ಲಿ ಬರೆದದ್ದು: ಉಪಯೋಗಕ್ಕೆ ಬಾರದ ಸ್ಕ್ರೂಗಳು. ನನಗೆ ನಗು ತಡೆಯಲಾಗಲಿಲ್ಲ. ಉಪಯೋಗಕ್ಕೆ ಬಾರದ್ದು ಅಂತ ಡಬ್ಬಿಯೇ ಸಹಿ ಹಾಕಿ ಕೊಟ್ಟ ಮೇಲೆ ಇನ್ನೇನು ಬೇಕು? ಎಸೆದು ಬಂದೆ.

ಎರಡು ದಿನ ಕಳೆದಿತ್ತು. ನಮ್ಮ ಬೀದಿಯ ಗ್ರಂಥಾಲಯದವರು ಮಹಡಿಯ ಮೇಲೆ ಒಂದು ಪ್ರದರ್ಶನ ಇಡುತ್ತೇವೆಂದು ಚೀಟಿ ಅಂಟಿಸಿದರು. ಮನೆಯಲ್ಲಿ ಬಳಸಿ ಬಿಟ್ಟ ವಸ್ತುಗಳಿಂದ ಏನಾದರೂ ಮಾಡಿ ತರಬೇಕು, ಮೊದಲ ಬಹುಮಾನ ಪ್ರೆಷರ್ ಕುಕ್ಕರ್. ಅತ್ತೆಯ ಕಣ್ಣು ಮಿನುಗಿತು. ನಮ್ಮ ಮನೆಯಲ್ಲಿ ಕುಕ್ಕರ್ ಎರಡಿವೆ. ಅವರ ಕಣ್ಣಿದ್ದದ್ದು ಅದು ಬರುವ ಗಟ್ಟಿ ರಟ್ಟಿನ ಪೆಟ್ಟಿಗೆಯ ಮೇಲೆ ಅಂತ ನನಗೂ ಗೊತ್ತು, ನನ್ನ ಗಂಡನಿಗೂ ಗೊತ್ತು.

ಸಂಜೆ ಕಪಾಟಿನ ಮುಂದೆ ಕೂತ ಅತ್ತೆ ಎದ್ದು ಬಂದು ಕೇಳಿದರು, "ಹಸಿರು ಡಬ್ಬಿ ನೋಡಿದ್ಯೇನಮ್ಮಾ? ನಿಮ್ಮ ಮಾವಂದು?"

ಯಾವ ಡಬ್ಬಿ ಅಂತ ಕೇಳಿದೆ, ಅಮಾಯಕಳ ಹಾಗೆ. ಆಗ ನನ್ನ ಗಂಡ ಆ ಡಬ್ಬಿಯ ಕತೆ ಶುರು ಮಾಡಿದರು. ನನ್ನ ಮಾವ ರೇಡಿಯೋ ರಿಪೇರಿ ಮಾಡುತ್ತಿದ್ದವರು, ನಾನು ಈ ಮನೆಗೆ ಬರುವ ಮೊದಲೇ ತೀರಿಹೋದವರು. ಯಾವ ರೇಡಿಯೋ ಬಿಚ್ಚಿ ಜೋಡಿಸಿದರೂ ಕೊನೆಗೆ ಒಂದು ಸ್ಕ್ರೂ ಉಳಿದುಬಿಡುತ್ತಿತ್ತಂತೆ. ಆದರೂ ರೇಡಿಯೋ ಹಾಡುತ್ತಿತ್ತಂತೆ. ಹಾಡುತ್ತದೆ ಎಂದಮೇಲೆ ಈ ಸ್ಕ್ರೂ ಉಪಯೋಗಕ್ಕೆ ಬಾರದ್ದೇ ಸರಿ ಅಂತ ಅದನ್ನು ಡಬ್ಬಿಗೆ ಹಾಕಿ ನಗುತ್ತಿದ್ದರಂತೆ. ಮೊಟ್ಟಮೊದಲು ಆ ಡಬ್ಬಿಗೆ ಬಿದ್ದದ್ದು ಅತ್ತೆ ತವರಿನಿಂದ ತಂದ ರೇಡಿಯೋದ ಸ್ಕ್ರೂ. ಅದಕ್ಕಾಗಿ ಮದುವೆಯಾದ ವಾರದಲ್ಲೇ ಇಬ್ಬರಿಗೂ ಮಾತು ಬಿಟ್ಟಿತ್ತಂತೆ. ಮೂರನೆಯ ದಿನ ಇಬ್ಬರೂ ಅದೇ ರೇಡಿಯೋ ಮುಂದೆ ಕೂತು ನಕ್ಕಿದ್ದರಂತೆ.

ಇದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ. ಹೇಳಿದ್ದರೆ ನಾನು ಮುಟ್ಟುತ್ತಿದ್ದೆನೇ? ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒಂದು ಡಬ್ಬಿಯ ವಿಷಯ ಹೇಳಿದರೆ ಎರಡು ವರ್ಷದ್ದೂ ಹೊರಗೆ ಬರುತ್ತದಲ್ಲ, ಆಮೇಲೆ ಅತ್ತೆ ನನ್ನನ್ನು ನಂಬಿ ಒಂದು ಲೋಟವನ್ನಾದರೂ ನನ್ನ ಕೈಗೆ ಕೊಡುತ್ತಾರೆಯೇ?

ಅತ್ತೆ ಮೂರು ದಿನ ಹುಡುಕಿದರು. ನನ್ನನ್ನು ಅಟ್ಟ ಹತ್ತಿಸಿದರು, ಮಂಚ ಸರಿಸಿದರು, ಅಕ್ಕಿ ಡಬ್ಬದೊಳಗೂ ಕೈ ಹಾಕಿ ನೋಡಿದರು. ನಾನೂ ಜೊತೆಗೆ ಹುಡುಕಿದೆ, ಇಲ್ಲದ್ದನ್ನು ಹುಡುಕುವುದು ಎಷ್ಟು ಸುಸ್ತಿನ ಕೆಲಸ ಅಂತ ಆಗ ಗೊತ್ತಾಯಿತು. ಅವರು ನಡುನಡುವೆ ನಿಂತು, ಎಲ್ಲಿ ಹೋಗಿರಬಹುದು ಹೇಳು ನೋಡೋಣ, ಅಂತ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸೋಫಾದ ಕೆಳಗೆ ಬಗ್ಗಿಬಿಡುತ್ತಿದ್ದೆ.

ನಾಲ್ಕನೆಯ ದಿನ ಆಫೀಸಿನಿಂದ ಸೀದಾ ಓಣಿಗೆ ಓಡಿದೆ. ಕಸದ ಡಬ್ಬ ಖಾಲಿ ಹೊಡೆಯುತ್ತಿತ್ತು. ಅದರ ಪಕ್ಕದಲ್ಲೇ ಒಂದು ಸಣ್ಣ ಹೊಲಿಗೆ ಅಂಗಡಿ, ಓಣಿಯವರೆಲ್ಲ ಟೈಲರಮ್ಮ ಅಂತ ಕರೆಯುವ ಹೆಂಗಸಿನದು. ಕೇಳೋಣ ಅಂತ ಒಳಗೆ ಕಾಲಿಟ್ಟೆ, ಅಲ್ಲೇ ಕಲ್ಲಾದೆ. ನಮ್ಮ ಮನೆಯ ಹಿಡಿ ಮುರಿದ ಬಟ್ಟಲಲ್ಲಿ ಅವರ ಸೂಜಿಗಳು. ನಮ್ಮ ಒಂಟಿ ಕಾಲುಚೀಲಗಳು ಅವರ ಕತ್ತರಿಗಳಿಗೆ ಅಂಗಿಯಾಗಿದ್ದವು. ನಿಂತುಹೋಗಿದ್ದ ನಮ್ಮ ಗಡಿಯಾರ ಅವರ ಗೋಡೆಯ ಮೇಲೆ ಟಿಕ್ ಟಿಕ್ ಅನ್ನುತ್ತಿತ್ತು, ಅದಂತೂ ನನಗೆ ಅವಮಾನವೇ ಆಯಿತು. ಮೇಜಿನ ಮೇಲೆ ಹೊಸದಾಗಿ ಮಾಡಿದ ಒಂದು ದೀಪ. ಬಲ್ಬು ಕೂತದ್ದು ನಮ್ಮ ಹಸಿರು ಡಬ್ಬಿಯೊಳಗೆ. ಸುತ್ತಲೂ ದಬ್ಬಳದಿಂದ ಚುಚ್ಚಿ ಹೂವಿನ ಹಾಗೆ ತೂತುಗಳು. ಪ್ಲಾಸ್ಟರಿನ ಚೀಟಿ ಮಾತ್ರ ಹಾಗೆಯೇ ಇತ್ತು, ಎಲ್ಲರಿಗೂ ಕಾಣುವಂತೆ ಮುಂದಕ್ಕೆ ತಿರುಗಿ.

ಅದನ್ನು ಕೊಟ್ಟುಬಿಡಿ ಅಕ್ಕಾ ಅಂತ ಕೈ ಮುಗಿದೆ. ಅವರು ನನ್ನ ಬುತ್ತಿಚೀಲವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಓ, ಗುರುವಾರದ ಮೇಡಂ ನೀವೇನಾ?" ಅಂದರು. "ನಾನು ಅಂಗಡಿ ತೆಗೆಯೋ ಮೊದಲೇ ಹಾಕಿ ಹೋಗಿರ್ತೀರಿ. ಎರಡು ವರ್ಷದಿಂದ ನಿಮಗೋಸ್ಕರ ಕಾಯ್ತಾ ಇದ್ದೀನಿ, ಯಾರಪ್ಪಾ ಈ ಪುಣ್ಯಾತ್ಗಿತ್ತಿ ಅಂತ."

ಪುಣ್ಯಾತ್ಗಿತ್ತಿ ತನ್ನ ಕತೆಯನ್ನೆಲ್ಲ ಹೇಳಿಕೊಂಡಳು. ಅವರು ಮರುಗಿದರು, ಆದರೆ ದೀಪ ಕೊಡಲಿಲ್ಲ. ನಮ್ಮ ಬೀದಿಯ ಗ್ರಂಥಾಲಯದ ಅದೇ ಪ್ರದರ್ಶನದ ಪಟ್ಟಿಯಲ್ಲಿ ಹೆಸರು ಬರೆಸಿಯಾಗಿತ್ತು. ಕುಕ್ಕರ್ ಅವರಿಗೆ ನಿಜವಾಗಿಯೂ ಬೇಕಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಪ್ರದರ್ಶನದಲ್ಲಿ ಚೀಟಿಯ ಬದಿಯನ್ನು ಗೋಡೆಗೆ ತಿರುಗಿಸಿ ಇಡುವುದು, ಮುಗಿದ ಮೇಲೆ ಡಬ್ಬಿ ನನಗೆ. ಅದಕ್ಕೆ ಪ್ರತಿಯಾಗಿ ಗುರುವಾರದ ಸಾಮಾನು ತಪ್ಪಬಾರದು, ಮತ್ತೆ ಇನ್ನು ಮೇಲೆ ಕಸದ ಡಬ್ಬಕ್ಕೆ ಹಾಕದೆ ನೇರ ಅಂಗಡಿಗೇ ತಂದುಕೊಡಬೇಕು. ಕಳ್ಳಮಾಲಿಗೂ ಮನೆಬಾಗಿಲ ಸೇವೆ ಕೇಳುವವರನ್ನು ನಾನು ಮೊದಲ ಸಲ ನೋಡಿದ್ದು. ಒಪ್ಪಿಕೊಂಡೆ, ಬೇರೆ ಗತಿ ಇರಲಿಲ್ಲ.

ಭಾನುವಾರ ಗ್ರಂಥಾಲಯದ ಮಹಡಿ ತುಂಬಿತ್ತು. ಡಬ್ಬಿ ಸಿಗದ ಅತ್ತೆ ಹಳೆಯ ಪರದೆಗಳನ್ನು ಹೆಣೆದು ಮಾಡಿದ ಒಂದು ದೊಡ್ಡ ಚಾಪೆ ತಂದಿದ್ದರು. ಅದನ್ನು ಹಾಸಿ, ಕೈಕಟ್ಟಿಕೊಂಡು, ಬೇರೆಯವರದನ್ನು ನೋಡಲು ಹೊರಟರು. ನಾನು ನೆರಳಿನ ಹಾಗೆ ಹಿಂದೆಯೇ. ಟೈಲರಮ್ಮನ ಮೇಜು ಬಂದ ಕೂಡಲೇ ಅತ್ತೆಗೂ ದೀಪಕ್ಕೂ ನಡುವೆ ಹೋಗಿ ನಿಂತೆ. ಕಾಫಿ ಕುಡಿಯೋಣ ಬನ್ನಿ ಅಂದೆ. ಚಾಪೆಯನ್ನು ಯಾರೋ ತುಳಿಯುತ್ತಿದ್ದಾರೆ ಅಂದೆ. ಚಾಪೆ ಇರುವುದೇ ತುಳಿಯಲು ಅಂದರು ಅತ್ತೆ. ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ದೀಪವನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆಯಿಂದ ಮೆಲ್ಲಗೆ ತಿರುಗಿಸಿದರು.

ಚೀಟಿ ಓದಿದರು. ಭೂಮಿ ಬಾಯಿಬಿಡಲಿ ಅಂತ ಕಾದೆ, ಅದು ಮಹಡಿ, ಎಲ್ಲಿಂದ ಬಿಡಬೇಕು?

ಅತ್ತೆ ಟೈಲರಮ್ಮನ ಕಡೆ ತಿರುಗಿದರು. ಸ್ವಿಚ್ಚು ಎಲ್ಲಿದೆ ಅಂತ ಕೇಳಿದರು. ಅವರು ಹೆದರಿಕೊಂಡೇ ತೋರಿಸಿದರು. ದೀಪ ಹೊತ್ತಿತು, ಡಬ್ಬಿಯ ತೂತುಗಳಿಂದ ಬೆಳಕಿನ ಹೂವುಗಳು ಬಿಳಿ ಗೋಡೆಯ ಮೇಲೆ, ಅತ್ತೆಯ ಕೆನ್ನೆಯ ಮೇಲೆ ಬಿದ್ದವು. ಅತ್ತೆ ಒಂದೊಂದೇ ತೂತಿನ ಮೇಲೆ ಬೆರಳಾಡಿಸಿದರು.

"ಇದನ್ನ ಜೋಡಿಸಿದ ಮೇಲೆ ಏನಾದ್ರೂ ಉಳೀತಾ?" ಅಂತ ಕೊನೆಗೆ ಕೇಳಿದರು.

ಟೈಲರಮ್ಮ ತಮ್ಮ ಚೀಲಕ್ಕೆ ಕೈ ಹಾಕಿದರು. ಡಬ್ಬಿಯಲ್ಲಿದ್ದ ಸ್ಕ್ರೂಗಳಲ್ಲೇ ದೀಪವನ್ನು ಬಿಗಿದಿದ್ದೇನೆ, ಮಿಕ್ಕವನ್ನು ದೀಪ ಅಲುಗಾಡದಿರಲೆಂದು ಡಬ್ಬಿಯ ತಳದಲ್ಲೇ ತುಂಬಿದ್ದೇನೆ, ಮುಚ್ಚಳ ಹಾಕಿದ ಮೇಲೆ ನೋಡಿದರೆ ಇದೊಂದು ಹೊರಗೇ ಬಿದ್ದಿತ್ತು ಅಂತ ಒಂದು ಸಣ್ಣ ಸ್ಕ್ರೂ ತೆಗೆದು ಅತ್ತೆಯ ಅಂಗೈಗೆ ಇಟ್ಟರು.

ಅತ್ತೆ ನಕ್ಕರು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನೀರು ಮಾತ್ರ ಉಳಿಯಿತು, ಸೆರಗಿನಲ್ಲಿ ಒರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ. ತಪ್ಪಾಯಿತು ಅತ್ತೆ, ನಾನೇ ಎಸೆದದ್ದು, ಎರಡು ವರ್ಷದಿಂದ ಪ್ರತಿ ಗುರುವಾರ, ಅಂತ ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟೆ.

"ಗೊತ್ತು ಬಿಡೇ," ಅಂದರು ಅತ್ತೆ. "ನನ್ನ ಕೈಯಲ್ಲಿ ಯಾವುದನ್ನೂ ಬಿಸಾಕೋಕೆ ಆಗಲ್ಲ. ಅದಕ್ಕೇ ಬೇಡದ್ದನ್ನ ಬುಧವಾರ ಹಿಂದಿನ ಸಾಲಿಗೆ ತಳ್ತಿದ್ದೆ. ಗುರುವಾರ ನೀನು ತಗೊಂಡು ಹೋಗ್ತಿದ್ದೆ. ನಾನು ಸ್ನಾನಕ್ಕೆ ಅಷ್ಟು ಹೊತ್ತು ಮಾಡ್ತಿದ್ದದ್ದು ಯಾಕೆ ಅಂದ್ಕೊಂಡೆ?"

ನನ್ನ ಎರಡು ವರ್ಷದ ಜಾಣತನ ಅಲ್ಲಿಯೇ ಮಣ್ಣುಪಾಲಾಯಿತು. ಆದರೂ ಒಂದು ಪ್ರಶ್ನೆ ಉಳಿದಿತ್ತು. ಹಾಗಾದರೆ ಈ ಡಬ್ಬಿ ಹಿಂದಿನ ಸಾಲಿಗೆ ಹೇಗೆ ಬಂತು? ಕೇಳಿದೆ.

ಅತ್ತೆ ಸ್ಕ್ರೂವನ್ನು ಬೆರಳುಗಳ ನಡುವೆ ತಿರುಗಿಸುತ್ತಾ ನಿಂತರು. "ಅದನ್ನ ನೋಡ್ದಾಗೆಲ್ಲ ಕೈಕೆಲಸ ನಿಂತು ಹೋಗ್ತಿತ್ತು. ಎಷ್ಟು ವರ್ಷ ಅಂತ ಹೀಗೆ? ಒಂದು ಬುಧವಾರ ಗಟ್ಟಿ ಮನಸ್ಸು ಮಾಡಿ ನಾನೇ ತಳ್ಳಿದೆ. ಮೂರು ದಿನಕ್ಕೆ ಮನಸ್ಸು ತಡೀಲಿಲ್ಲ, ವಾಪಸ್ ಬೇಕು ಅನ್ನಿಸ್ತು. ಮೊದಲನೇ ದಿನ ಹುಡುಕಿದ್ದು ನಿಜವಾಗ್ಲೂ ಕಣೇ, ಎಲ್ಲೋ ಉಳಿದಿರಬಹುದು ಅಂತ. ಆಮೇಲೆ ನಿನ್ನ ಮುಖ ನೋಡ್ದೆ, ಹೋಗಿದೆ ಅಂತ ಗೊತ್ತಾಯ್ತು. ಉಳಿದ ಎರಡು ದಿನ ನಿನಗೋಸ್ಕರ ಹುಡುಕಿದ್ದು, ಬಾಯಿ ಬಿಡ್ತೀಯೇನೋ ಅಂತ."

ಅಕ್ಕಿ ಡಬ್ಬದೊಳಗೆ ಕೈ ಹಾಕಿದ್ದು ಎರಡನೆಯ ದಿನ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸೋಫಾದ ಕೆಳಗೆ ನಾನು ಎಷ್ಟು ಧೂಳು ತಿಂದಿದ್ದೆ!

ಕುಕ್ಕರ್ ಟೈಲರಮ್ಮನ ಪಾಲಾಯಿತು. ಒಪ್ಪಂದದಂತೆ ಅವರು ದೀಪ ಕೊಡಲು ಬಂದರೆ ಅತ್ತೆ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದರೆ ಮತ್ತೆ ಕಪಾಟು ಸೇರುತ್ತದೆ, ನಿಮ್ಮ ಅಂಗಡಿಯ ಕಿಟಕಿಯಲ್ಲೇ ಉರಿಯಲಿ, ಬೇಕಾದಾಗ ಬಂದು ನೋಡುತ್ತೇನೆ ಅಂದರು. ಸ್ಕ್ರೂ ಮಾತ್ರ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ಹೊರಡುವಾಗ ತಿರುಗಿ ನಿಂತು, ಆ ಕುಕ್ಕರಿನ ರಟ್ಟಿನ ಪೆಟ್ಟಿಗೆ ನಿಮಗೆ ಬೇಕೇ ಅಂತ ಕೇಳಿದರು. ಈಗ ನಮ್ಮ ಮನೆಯ ಚಪ್ಪಲಿಗಳೆಲ್ಲ ಅದರಲ್ಲೇ ಇರುವುದು.

ಮುಂದಿನ ಗುರುವಾರ ಅತ್ತೆ ಸ್ನಾನಕ್ಕೆ ಹೋದರು. ಬೇಕೆಂದೇ ಜೋರಾಗಿ ನೀರು ಬಿಟ್ಟುಕೊಂಡರು. ಎಲ್ಲ ಗೊತ್ತಾದ ಮೇಲೂ ನಾನು ಹೆಜ್ಜೆ ಸಪ್ಪಳವಾಗದಂತೆಯೇ ಹೋಗಿ, ಕಾಲು ಅಡ್ಡ ಇಟ್ಟು ಕಪಾಟು ತೆರೆದೆ. ಹಿಂದಿನ ಸಾಲಿನಲ್ಲಿ ಒಂದೇ ಒಂದು ವಸ್ತು ಇತ್ತು. ಒಂದು ಹಳೆಯ ಪೌಡರ್ ಡಬ್ಬಿ, ತಲೆ ಕತ್ತರಿಸಿ ಅಂಚು ಮಡಚಿದ್ದು, ಹೊರಗೆ ನನ್ನದೇ ಹಳೆಯ ಕುಪ್ಪಸದ ಬಟ್ಟೆ ಅಂಟಿಸಿದ್ದು. ಅದರ ಮೇಲೆ ಪ್ಲಾಸ್ಟರಿನ ತುಂಡು, ಅತ್ತೆಯ ಅಕ್ಷರದಲ್ಲಿ: ಗುರುವಾರದವಳಿಗೆ.

ಟೈಲರಮ್ಮನಿಗೆ ಆ ವಾರ ಏನೂ ಸಿಗಲಿಲ್ಲ. ಆ ಪೌಡರ್ ಡಬ್ಬಿ ಈಗ ನನ್ನ ಆಫೀಸಿನ ಮೇಜಿನ ಮೇಲಿದೆ, ಚೂರು ಮಾಡುವ ಯಂತ್ರದ ಪಕ್ಕದಲ್ಲಿ. ಯಂತ್ರಕ್ಕೆ ಹಾಕುವ ಮೊದಲು ಕಾಗದಗಳಿಂದ ಕಿತ್ತ ಪಿನ್ನುಗಳನ್ನೆಲ್ಲ ಅದಕ್ಕೆ ಹಾಕಿಡುತ್ತೇನೆ. ಯಾವುದಕ್ಕಾದರೂ ಆದೀತು.