ಎಡಗೈ ಮೇಸ್ತ್ರಿಯ ಪೆಟ್ಟಿಗೆ

ಪ್ಲೈವುಡ್ಡನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳದ ಬಡಗಿ ಆ ಸುತ್ತಿನಲ್ಲಿ ಒಬ್ಬನೇ ಉಳಿದಿದ್ದ. ಜನ ಅವನನ್ನು ಎಡಗೈ ಮೇಸ್ತ್ರಿ ಎನ್ನುತ್ತಿದ್ದರು. ಉಳಿ, ಗರಗಸ, ಕೀಸುಳಿ ಎಲ್ಲವೂ ಅವನಿಗೆ ಎಡಗೈಗೇ ಬರಬೇಕು. ಊರಿನ ಮಿಕ್ಕ ಬಡಗಿಗಳ ಮೇಜು ಕಿಟಕಿಯ ಬಲಕ್ಕಿದ್ದರೆ ಇವನದು ಎಡಕ್ಕೆ. ಬೆಳಕು ಬಲಗಡೆಯಿಂದ ಬೀಳದಿದ್ದರೆ ಕೈಯ ನೆರಳು ಗೆರೆಯ ಮೇಲೆ ಕೂತು ಕೆಲಸ ಕೆಡುತ್ತದೆ ಎನ್ನುತ್ತಿದ್ದ. ಪ್ಲೈವುಡ್ಡಿನ ಮಾತು ತೆಗೆದರೆ ಸಾಕು, "ಅದು ಮರ ಅಲ್ಲ, ಮರದ ಎಂಜಲು" ಎಂದು ಮುಖ ತಿರುಗಿಸುತ್ತಿದ್ದ.

ಅವನ ಹೆಂಡತಿ ದನದ ಡಾಕ್ಟರು. ಸಮುದ್ರದಾಚೆಯ ಒಂದು ದೇಶದ ದೊಡ್ಡ ಪಶು ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಗಂಡ, ಮಗಳು ಜೊತೆಗೆ ಹೋಗಬಹುದು. ಗಂಡ ಅಲ್ಲಿ ದುಡಿಯಲೂಬಹುದು. ಸಾಮಾನಿಗೆ ಹಡಗಿನಲ್ಲಿ ಒಂದು ಪೆಟ್ಟಿಗೆಯಷ್ಟು ಜಾಗ. ಮಂಚದಷ್ಟು ಉದ್ದಗಲ, ಎದೆಮಟ್ಟ ಎತ್ತರ. ಹೊರಗಿನ ಅಳತೆ ಬೆರಳಷ್ಟೂ ಮೀರುವಂತಿಲ್ಲ ಎಂದು ಸಾಗಣೆ ಕಂಪನಿಯವರು ಹೇಳಿದ್ದರು.

"ಪೆಟ್ಟಿಗೆ ಅವ್ರೇ ಮಾಡಿಕೊಡ್ತಾರಂತೆ ರೀ" ಎಂದಳು ಹೆಂಡತಿ.

"ಬಡಗಿ ಮನೆ ಸಾಮಾನು ಇನ್ಯಾರೋ ಮಾಡಿದ ಪೆಟ್ಟಿಗೇಲಿ ಹೋಗುತ್ತಾ? ನೋಡಿದೋರು ನಗಲ್ವಾ?"

"ಹಾಗಾದ್ರೆ ಅವರ ನಿಯಮ ಏನಿದೆ ಅಂತ ಒಂದು ಸಲ ಕೇಳಿಕೊಳ್ಳಿ."

"ಪೆಟ್ಟಿಗೆ ಮಾಡೋದು ಹೇಗೆ ಅಂತ ನನಗೆ ಹೇಳಿಕೊಡ್ತಾರಾ ಅವ್ರು?" ಎಂದು ಮೇಸ್ತ್ರಿ ಏಣಿ ಹತ್ತಿ ಅಟ್ಟಕ್ಕೆ ಹೋದ.

ಅಟ್ಟದ ಮೇಲೆ ಅವನ ಅಪ್ಪ ಇಟ್ಟುಹೋಗಿದ್ದ ಹಲಗೆಗಳಿದ್ದವು. ಬಾವಿಯ ಪಕ್ಕದ ಮರ ಗಾಳಿಗೆ ಬಿದ್ದಾಗ ಕೊಯ್ಯಿಸಿ ಒಣಗಲು ಹಾಕಿದ್ದು. ಇಷ್ಟು ವರ್ಷ ಎಂಥ ಗಿರಾಕಿ ಬಂದರೂ ಅದನ್ನು ಕೆಳಗಿಳಿಸಿರಲಿಲ್ಲ. ಈಗ ಒಂದೊಂದಾಗಿ ಇಳಿಸಿದ. ಹೆಬ್ಬೆರಳಿಗಿಂತ ದಪ್ಪದ ಹಲಗೆ, ಬಡಿದರೆ ಗಂಟೆಯಂತೆ ನುಡಿಯುವಂಥದ್ದು. ಮೊಳೆ ಹೊಡೆಯದೆ, ಕೈಬೆರಳಿಗೆ ಕೈಬೆರಳು ಹೆಣೆದಂತೆ ನಾಲ್ಕೂ ಮೂಲೆ ಕೂಡಿಸಿದ. ಒಳಗೆ ಅದೇ ಹಲಗೆಯಲ್ಲಿ ಗೂಡುಗಳು. ತಟ್ಟೆ ಲೋಟಕ್ಕೆ ಒಂದು, ಹಾಸಿಗೆಗೆ ಒಂದು, ಹೆಂಡತಿಯ ದಪ್ಪ ಪುಸ್ತಕಗಳಿಗೆ ಒಂದು. ಮಗಳ ಮರದ ಕುದುರೆಗೂ ಕಿವಿ ಮುರಿಯದ ಹಾಗೆ ತಲೆಯ ಆಕಾರಕ್ಕೇ ಕೊರೆದ ಒಂದು ಗೂಡು. ಮಗಳು ದಿನಾ ಶಾಲೆಯಿಂದ ಬಂದವಳೇ ಕುದುರೆಯನ್ನು ಅಲ್ಲಿ ಮಲಗಿಸಿ, "ಇವತ್ತೂ ಸರಿಯಾಗಿ ನಿದ್ದೆ ಬಂತು ಇದಕ್ಕೆ" ಎನ್ನುತ್ತಿದ್ದಳು.

ಮೇಸ್ತ್ರಿಯ ಅತ್ತೆ ಇದ್ದದ್ದು ಎರಡು ಬೀದಿ ಆಚೆ, ದೊಡ್ಡ ಮಗಳ ಮನೆಯಲ್ಲಿ. ಆದರೂ ದಿನಕ್ಕೊಮ್ಮೆ ಬಂದು ಕೆಲಸ ಎಲ್ಲಿಗೆ ಬಂತು ಎಂದು ನೋಡದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಅಳಿಯಂದಿರು ಪೆಟ್ಟಿಗೆ ಮಾಡ್ತಿದಾರೋ ಮನೆ ಕಟ್ತಿದಾರೋ?" ಎಂದು ಮಗಳ ಕಡೆ ನೋಡಿಕೊಂಡು ಕೇಳುವಳು. ಅಳಿಯನೊಡನೆ ನೇರ ಮಾತಾಡುವ ರೂಢಿ ಅವಳಿಗಿಲ್ಲ. "ಇದಕ್ಕೊಂದು ಬಾಗ್ಲು ಇಟ್ರೆ ಬಾಡಿಗೆಗೆ ಕೊಡಬಹುದು ಕಣೇ."

"ಬಾಡಿಗೆಗೆ ನೀವೇ ಬನ್ನಿ ಅತ್ತೆಮ್ಮ" ಎನ್ನುವನು ಮೇಸ್ತ್ರಿಯ ತಮ್ಮ. "ಕುದುರೆ ಪಕ್ಕದ ಗೂಡು ಖಾಲಿ ಮಾಡಿಸ್ತೀನಿ."

ತಮ್ಮನೂ ಬಡಗಿಯೇ. ಅಣ್ಣ ಹೋದಮೇಲೆ ಮನೆಯನ್ನೂ ಕೆಲಸದ ಕೊಟ್ಟಿಗೆಯನ್ನೂ ಅವನೇ ನೋಡಿಕೊಳ್ಳುವುದೆಂದು ಮಾತಾಗಿತ್ತು.

ಪೆಟ್ಟಿಗೆ ಮುಗಿಯುವ ಹೊತ್ತಿಗೆ ಹೆಂಡತಿ ಬಂದು ಒಳಗೆಲ್ಲ ಬಗ್ಗಿ ನೋಡಿದಳು. "ನಿಮ್ಮ ಉಳಿ ಗರಗಸಕ್ಕೆ ಗೂಡೆಲ್ಲಿ?"

"ಜಾಗ ಸಾಲಲ್ಲ. ತಮ್ಮನಿಗೆ ಕೊಡೋದು ಅಂತಾಗಿದೆ."

ಅವಳು ಅವನ ಮುಖವನ್ನೇ ನೋಡಿದಳು. ಮಾತು ಬಾರದ ಜೀವಗಳಿಗೆ ಎಲ್ಲಿ ನೋವೆಂದು ಮುಟ್ಟಿ ತಿಳಿಯುವುದೇ ಅವಳ ಉದ್ಯೋಗ. ಮದುವೆಯಾದ ಮೇಲೆ ಆ ವಿದ್ಯೆ ಮನೆಯಲ್ಲೂ ಬಹಳ ಬಳಕೆಗೆ ಬಂದಿತ್ತು. ಫೋನು ತೆಗೆದು, "ನೋಡಿ, ಅಲ್ಲಿ ನಮಗೆ ಕೊಡೋ ಮನೇದು ಇನ್ನೂ ಒಂದಷ್ಟು ಫೋಟೋ ಕಳಿಸಿದಾರೆ" ಎಂದಳು. ಅವನು ಕೀಸುಳಿಯನ್ನು ಕೈಯಿಂದ ಇಳಿಸದೆಯೇ ಕಣ್ಣು ಹಾಯಿಸಿ, "ಹ್ಞೂ, ಚೆನ್ನಾಗಿದೆ" ಎಂದ. ಈ ಹಿಂದೆ ತೋರಿಸಿದಾಗಲೂ ಅಷ್ಟೇ ಹೇಳಿದ್ದ.

ಅವನ ಎದೆಯಲ್ಲಿ ಕೂತಿದ್ದ ಮುಳ್ಳೇ ಬೇರೆ. ಆ ದೇಶದಿಂದ ರಜೆಗೆ ಬಂದಿದ್ದ ಒಬ್ಬ ಲಾರಿ ಡ್ರೈವರ್ ಕಟ್ಟೆಯ ಮೇಲೆ ಕೂತು ಹೇಳಿದ್ದ: "ಅಲ್ಲಿ ಮೇಜು, ಮಂಚ ಎಲ್ಲಾ ರಟ್ಟಿನ ಡಬ್ಬೀಲಿ ಬರುತ್ತೆ ಮೇಸ್ತ್ರೀ. ಜೊತೇಲಿ ಒಂದು ಸೊಟ್ಟ ಕೀಲಿ. ತಿರುಪಿದ್ರೆ ಮುಗೀತು. ನಿಮ್ಮ ಉಳಿ ಅಲ್ಲಿ ಗೋಡೆಗೆ ತೂಗುಹಾಕೋಕೆ ಲಾಯಕ್ಕು." ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಮನೆಗೆ ಬರುವಾಗ ದಾರಿಯಲ್ಲಿ ಲೆಕ್ಕ ಹಾಕಿದ: ಹೆಂಡತಿ ಆಸ್ಪತ್ರೆಗೆ, ಮಗಳು ಶಾಲೆಗೆ, ತಾನು ಬಾಗಿಲು ಕಾಯುವುದಕ್ಕೆ. ಹೋಗುವುದಿಲ್ಲ ಎನ್ನುವ ಮನಸ್ಸಲ್ಲ. ಅವಳ ಕೆಲಸದ ಸುದ್ದಿ ಬಂದ ದಿನ ಬೀದಿಗೆಲ್ಲ ಸಾರಿದವನೇ ಅವನು. ಆದರೆ ತೂಗುಹಾಕಿದ ಉಳಿಯನ್ನು ದಿನಾ ನೋಡಿಕೊಂಡು ಬದುಕುವುದಕ್ಕಿಂತ, ಇಲ್ಲೇ ಯಾರದಾದರೂ ಕೈಯಲ್ಲಿ ಅದು ದುಡಿಯಲಿ ಎನ್ನಿಸಿತು. ಹಾಗಂತ ತೀರ್ಮಾನ ಮಾಡಿಕೊಂಡ ಮೇಲೂ ಪ್ರತಿ ಸಂಜೆ ಒಂದೊಂದೇ ಉಳಿಯನ್ನು ಸಾಣೆ ಹಿಡಿದು, ಎಣ್ಣೆ ಒರೆಸಿ, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದ. ಇನ್ನೊಬ್ಬರಿಗೆ ಮೊಂಡು ಉಳಿ ಕೊಡಬಾರದಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಸಾಗಣೆ ಕಂಪನಿಯ ಹೆಂಗಸು ಒಂದು ಬೆಳಿಗ್ಗೆ ಅಳತೆ ನೋಡಲು ಬಂದಳು. ಟೇಪು ಹಿಡಿದು ಮೂರೂ ಕಡೆ ಅಳೆದಳು. "ಕೂದಲೆಳೆ ಹೆಚ್ಚುಕಮ್ಮಿ ಇಲ್ಲ" ಎಂದಳು. ಮೂಲೆಯ ಹೆಣಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಪೆಟ್ಟಿಗೆಯ ಸುತ್ತ ಇನ್ನೊಂದು ಸಲ ಬಂದು, ಏನನ್ನೋ ಹುಡುಕುವವಳ ಹಾಗೆ ಬಗ್ಗಿ ನೋಡಿ, ಕೇಳಿದಳು: "ಮುದ್ರೆ ಎಲ್ಲಿದೆ?"

"ಯಾವ ಮುದ್ರೆ?"

"ಕಾಯಿಸಿದ ಮರ ಅನ್ನೋ ಮುದ್ರೆ. ಪ್ಯಾಕಿಂಗಿನ ಮರದೊಳಗೆ ಹುಳ, ಮೊಟ್ಟೆ ಇದ್ದು ಆ ದೇಶಕ್ಕೆ ಹೋಗಿಬಿಟ್ರೆ ಅವರ ಕಾಡಿಗೆ ಕುತ್ತು. ಅದಕ್ಕೆ ಒಲೇಲಿ ಕಾಯಿಸಿ ಮುದ್ರೆ ಒತ್ತಿದ ಹಲಗೇನೇ ಆಗಬೇಕು. ಬರೀ ಮರ ಬಿಡಲ್ಲ."

ಅತ್ತೆಗೆ ರೇಗಿತು. ಅಳಿಯನನ್ನು ಹಂಗಿಸುವ ಹಕ್ಕು ತನಗೊಬ್ಬಳಿಗೇ ಸೇರಿದ್ದೆಂದು ಅವಳ ಎಣಿಕೆ. "ನಮ್ಮಳಿಯ ಮಾಡಿದ ಪೆಟ್ಟಿಗೇಲಿ ಹುಳ ಇದೆ ಅಂತೀಯೇನಮ್ಮಾ?"

"ಹುಳ ಇದೆ ಅಂತಲ್ಲ ತಾಯಿ. ಇಲ್ಲ ಅನ್ನೋಕೆ ಮುದ್ರೆ ಇಲ್ಲ."

"ಈಗೇನು ಮಾಡಬೇಕು?" ಎಂದು ಕೇಳಿದಳು ಹೆಂಡತಿ.

"ಪ್ಲೈವುಡ್ ಆದ್ರೆ ಮುದ್ರೆ ಬೇಡ. ಅದನ್ನ ಮಾಡುವಾಗಲೇ ಅಂಟು ಹಾಕಿ ಬಿಸಿಯಲ್ಲಿ ಒತ್ತಿರ್ತಾರಲ್ಲ. ವಾರದೊಳಗೆ ಮಾಡಿಡಿ, ಹಡಗು ತಪ್ಪಲ್ಲ" ಎಂದು ಹೇಳಿ ಆ ಹೆಂಗಸು ಟೇಪು ಮಡಚಿದಳು. ಹೊರಡುವಾಗ ಮೇಸ್ತ್ರಿಯ ಕಡೆ ತಿರುಗಿ, "ಕೆಲಸ ಮಾತ್ರ ಬಹಳ ಚೆನ್ನಾಗಿದೆ" ಎಂದಳು. ಸತ್ತ ಮನೆಗೆ ಬಂದವರು ಹೇಳುವ ಮಾತಿನ ಹಾಗೆ ಕೇಳಿಸಿತು ಅವನಿಗೆ.

ಮೇಸ್ತ್ರಿ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತಿದ್ದ. ನಿಯಮ ಒಂದು ಸಲ ಕೇಳಿಕೊಳ್ಳಿ ಎಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅನ್ನದೇ ಇದ್ದದ್ದೇ ಅವನಿಗೆ ಹೆಚ್ಚು ನಾಟಿತು.

ತಮ್ಮ ಮೆಲ್ಲಗೆ ಕೆಮ್ಮಿದ. "ಅಣ್ಣ... ಪ್ಲೈವುಡ್ ತರ್ಲಾ?"

ಮೇಸ್ತ್ರಿ ಪೆಟ್ಟಿಗೆಯ ಮೇಲಿಂದ ಕೈ ತೆಗೆದ. "ತಾ. ಹಿತ್ತಲ ಬಾಗ್ಲಿಂದ ತಾ."

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹೆಂಡತಿ ತಡೆಯಲಾರದೆ ನಕ್ಕಳು. ಕೊನೆಗೆ ಮೇಸ್ತ್ರಿಗೂ ತುಟಿಯ ಒಂದು ಮೂಲೆ ಸಡಿಲವಾಯಿತು.

ಅಣ್ಣ ತಮ್ಮ ಇಬ್ಬರೂ ಸೇರಿ ಹೊಸ ಪೆಟ್ಟಿಗೆ ಮಾಡಿದರು. ಅದೇ ಹೊರ ಅಳತೆ. ಪ್ಲೈವುಡ್ ಕೊಯ್ಯುವಾಗ ಮೇಸ್ತ್ರಿ ಮುಖ ಹಿಂಡುತ್ತಿದ್ದ. ಆದರೂ ಅವನ ಕೈಗೆ ಸೊಟ್ಟ ಕೊಯ್ದು ಗೊತ್ತಿರಲಿಲ್ಲ. ಮುಗಿದ ಮೇಲೆ ಮರದ ಪೆಟ್ಟಿಗೆಯಲ್ಲಿ ಆಗಲೇ ತುಂಬಿಟ್ಟಿದ್ದ ಸಾಮಾನನ್ನು ಒಂದೊಂದಾಗಿ ಇದಕ್ಕೆ ಸಾಗಿಸಿದರು. ತಟ್ಟೆಗಳು ಹಾಸಿಗೆಯ ಮಡಿಕೆಗಳ ನಡುವೆ ಹೋದವು, ಪುಸ್ತಕಗಳು ತಳಕ್ಕೆ. ಕುದುರೆಯನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದ್ದಾಯಿತು. ಎಲ್ಲ ಮುಗಿದರೂ ಒಂದು ಮೂಲೆ ಖಾಲಿ.

"ಏನೋ ಬಿಟ್ಟುಹೋಗಿದೆ" ಎಂದ ಮೇಸ್ತ್ರಿ. ಮರದ ಪೆಟ್ಟಿಗೆಯೊಳಗೆ ಇಣುಕಿ ನೋಡಿದರು, ಅಲ್ಲೇನೂ ಇರಲಿಲ್ಲ. ಮಗಳು ಆ ಖಾಲಿ ಮೂಲೆಗೆ ಇಳಿದು ಮಂಡಿ ಮಡಚಿ ಕೂತು, "ಅಪ್ಪಾ, ನಾನು ಇಲ್ಲೇ ಕೂತು ಬರ್ತೀನಿ" ಎಂದಳು.

ತಮ್ಮ ಹಳೆಯ ಪೆಟ್ಟಿಗೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನಿಂದ ಹಿಡಿದು ನೋಡಿದ. ಆಮೇಲೆ ಪ್ಲೈವುಡ್ಡಿನ ಅಂಚನ್ನು. "ಅಣ್ಣ, ನಿನ್ನ ಹಲಗೆಗಳೇ ಜಾಗ ತಿಂದಿದ್ವು ಕಣೋ. ಗೋಡೆ ದಪ್ಪ, ಗೂಡಿನ ಅಡ್ಡಹಲಗೆಗಳೂ ದಪ್ಪ. ಎಲ್ಲಾ ಸೇರಿ ಇಷ್ಟು."

ಮೇಸ್ತ್ರಿ ಬೆರಗಾಗಿ ನಿಂತ. ಹುಟ್ಟಿದಾರಭ್ಯ ಹಲಗೆಯ ದಪ್ಪವನ್ನು ಗಟ್ಟಿತನವೆಂದು ಎಣಿಸಿದ್ದನೇ ಹೊರತು, ಅದು ಒಳಗಿನ ಜಾಗವನ್ನು ನುಂಗುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

"ಹಾಗಾದ್ರೆ ನನ್ನ ದೊಡ್ಡ ಪಾತ್ರೆ ಇಡೇ" ಎಂದಳು ಅತ್ತೆ.

"ಬೇಡಮ್ಮ" ಎಂದಳು ಹೆಂಡತಿ. "ಆ ಮೂಲೆಗೆ ಇವರ ಸಾಮಾನು." ಕೊಟ್ಟಿಗೆಯ ಮೂಲೆಯಲ್ಲಿ ಉಳಿಗಳನ್ನು ಸುತ್ತಿಟ್ಟಿದ್ದ ಬಟ್ಟೆಯ ಗಂಟುಗಳ ಕಡೆ ಕೈ ತೋರಿಸಿದಳು. "ಈಗ ಜಾಗ ಇಲ್ಲ ಅನ್ನೋ ಹಾಗಿಲ್ಲ."

"ಅಲ್ಲಿ ಯಾರಿಗೆ ಬೇಕೇ ಅದು? ಎಲ್ಲಾ ಡಬ್ಬೀಲಿ ಬರುತ್ತಂತೆ. ಆ ಡ್ರೈವರ್ ಹೇಳ್ತಿದ್ದ..."

"ಲಾರಿ ಓಡಿಸೋನ ಹತ್ರ ಮರದ ಮಾತು ಕೇಳ್ಕೊಂಡು ಬಂದ್ರಾ? ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ದು ಇದನ್ನಾ?"

"ಸುಮ್ನೆ ಹೊತ್ಕೊಂಡು ಹೋಗಿ ಗೋಡೆಗೆ ನೇತುಹಾಕೋದಾದ್ರೆ..."

"ನೇತುಹಾಕೋ ಉಳೀನ ಯಾರಾದ್ರೂ ದಿನಾ ಸಂಜೆ ಸಾಣೆ ಹಿಡೀತಾರಾ? ನಾನೇನು ಕುರುಡೀನಾ?" ಅವಳ ದನಿ ಇಳಿಯಿತು. "ನೋಡಿ, ಅಲ್ಲಿ ಮೊದಲ ದಿನವೇ ಗಿರಾಕಿ ಸಾಲು ನಿಲ್ತಾರೆ ಅಂತ ನಾನು ಹೇಳಲ್ಲ. ನನಗೂ ಗೊತ್ತಿಲ್ಲ. ಅಲ್ಲಿನ ದನ ನನ್ನ ಕೈ ನೆಚ್ಚುತ್ತೋ ಒದೆಯುತ್ತೋ ಅದೂ ಗೊತ್ತಿಲ್ಲ. ಗೊತ್ತಿಲ್ಲದ ಊರಿಗೆ ನಾನು ನನ್ನ ಕೆಲಸ ತಗೊಂಡು ಹೋಗ್ತಿದೀನಿ. ನೀವೂ ನಿಮ್ಮದು ತಗೊಂಡು ಬನ್ನಿ. ಬರೀ ಕೈಯ ಗಂಡನ್ನ ಕಟ್ಕೊಂಡು ನಾನೇನು ಮಾಡ್ಲಿ?"

ಮೇಸ್ತ್ರಿ ತಮ್ಮನ ಕಡೆ ನೋಡಿದ. "ಇವನಿಗೆ ಕೊಡ್ತೀನಿ ಅಂದಿದ್ದೆನಲ್ಲ."

ತಮ್ಮ ತಲೆ ಕೆರೆದುಕೊಂಡ. ಒಂದು ಕೀಸುಳಿ ಬಿಚ್ಚಿ ಬಲಗೈಯಲ್ಲಿ ಹಿಡಿದ. ಅದರ ಹಿಡಿ ಅಣ್ಣನ ಎಡ ಅಂಗೈಗೆ ಸವೆದು ಸವೆದು ಒಂದು ಮಗ್ಗುಲಿಗೆ ತಗ್ಗಾಗಿತ್ತು. ಅವನ ಹೆಬ್ಬೆರಳು ಎಲ್ಲಿ ಕೂರಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು. "ಕೊಡ್ತೀನಿ ಅಂದಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ ಅಣ್ಣ. ನೀನು ಇಲ್ಲದಾಗ ಒಂದು ಸಲ ಹಿಡಿದು ನೋಡಿದ್ದೆ. ಬಾಗಿಲ ಚೌಕಟ್ಟು ಒಂದು ಹಾಳಾಯ್ತು. ಇದು ನಿನ್ನ ಚಪ್ಪಲಿ ಇದ್ದ ಹಾಗೆ. ಇನ್ನೊಬ್ಬರು ಹಾಕ್ಕೊಂಡ್ರೆ ಕಾಲು ಕಚ್ಚುತ್ತೆ. ನೀನು ತಗೊಂಡು ಹೋದ್ರೆ ನಾನು ಬದುಕಿದೆ!"

"ಅಯ್ಯೋ, ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತೋ ನಿನಗೆ?" ಎಂದ ಮೇಸ್ತ್ರಿ. ಬೈಗುಳವಾದರೂ ದನಿ ಹಗುರಾಗಿತ್ತು. ಕೀಸುಳಿಯನ್ನು ಕಸಿದುಕೊಂಡು ಎಡಗೈಗೆ ಹಾಕಿದ. ಕೂತಿತು.

ಆಮೇಲೆ ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮಗಳನ್ನು ಎತ್ತಿ ಹೊರಗಿಟ್ಟು, ಖಾಲಿ ಮೂಲೆಯನ್ನು ಗೇಣಿನಿಂದ ಅಳೆದ. ಹೆಂಡತಿಯಿಂದ ಸಾಗಣೆ ಕಂಪನಿಗೆ ಫೋನು ಮಾಡಿಸಿ, ಈ ಸಲ ತಾನೇ ಫೋನು ಹಿಡಿದು ಕೇಳಿದ: "ಅಮ್ಮಾ, ಅದೇ ಮರದಲ್ಲಿ ಒಂದು ಉಪಕರಣದ ಪೆಟ್ಟಿಗೆ ಮಾಡಿ, ಮೆರುಗೆಣ್ಣೆ ಹಚ್ಚಿ, ಮನೆ ಸಾಮಾನಿನ ಜೊತೆ ಇಟ್ರೆ ನಡೆಯುತ್ತಾ?" ಬಳಸುವ ಪೀಠೋಪಕರಣದ ಲೆಕ್ಕವೇ ಬೇರೆ, ತೊಗಟೆಯಿಲ್ಲದೆ ನಯವಾಗಿ ಮುಗಿಸಿರಬೇಕು, ಸಾಮಾನಿನ ವಿವರದಲ್ಲಿ ಮರೆಯದೆ ಹೇಳಬೇಕು, ಆ ಕಡೆಯವರು ಬಿಚ್ಚಿ ನೋಡಿದರೂ ನೋಡಬಹುದು ಎಂದಳು ಅವಳು. "ನೋಡ್ಲಿ ಬಿಡಿ" ಎಂದ ಮೇಸ್ತ್ರಿ. "ನೋಡೋ ಹಾಗೇ ಮಾಡ್ತೀನಿ."

ಅಪ್ಪನ ಹಲಗೆಯ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿದ. ಮೊಳೆಯಿಲ್ಲದ ಕೆಲಸವಾದ್ದರಿಂದ ಮರದ ಕೊಡತಿಯ ನಾಲ್ಕು ಏಟಿಗೆ ಮೂಲೆಗಳು ಕೈಬಿಟ್ಟವು. ಹಲಗೆಗಳನ್ನು ಮೇಜಿಗೇರಿಸಿ ಕೀಸತೊಡಗಿದ. ಹೆಬ್ಬೆರಳಿಗಿಂತ ದಪ್ಪವಿದ್ದದ್ದು ಕಿರುಬೆರಳಿನಷ್ಟಾಗುವ ತನಕ ಬಿಡಲಿಲ್ಲ. ಅಷ್ಟು ತೆಳ್ಳಗೆ ಅವನು ಯಾವತ್ತೂ ಮರ ಕೀಸಿದವನಲ್ಲ. ಮರದ ಸುರುಳಿಗಳು ಕಾಲ ಬಳಿ ರಾಶಿಯಾದವು. ಮಗಳು ಅವನ್ನು ಕಿವಿಗೆ ಸಿಕ್ಕಿಸಿಕೊಂಡು ಅಜ್ಜಿಗೂ ಒಂದು ಜೊತೆ ತೊಡಿಸಿದಳು.

"ಅಳಿಯಂದಿರ ಕೈಗೆ ಜೀವ ಬಂತು ಕಣೇ" ಎಂದಳು ಅತ್ತೆ, ಎಂದಿನಂತೆ ಮಗಳ ಕಡೆ ನೋಡಿಕೊಂಡು.

ಸಂಜೆಯ ಬಿಸಿಲು ಕಿಟಕಿಯಿಂದ ಅವನ ಬಲಕ್ಕೆ ಬೀಳುತ್ತಿತ್ತು. ಮೇಸ್ತ್ರಿ ಕೀಸುಳಿ ನಿಲ್ಲಿಸಿ, ಏನೋ ನೆನಪಾದವನಂತೆ ಕತ್ತೆತ್ತಿದ.

"ಏ, ಆ ಮನೆ ಫೋಟೋ ತೋರಿಸು."

"ಅವತ್ತೇ ನೋಡಿದ್ರಲ್ಲ, ಚೆನ್ನಾಗಿದೆ ಅಂದ್ರಲ್ಲ" ಎಂದಳು ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು.

"ಎಲ್ಲಿ ನೋಡಿದ್ದೆ? ಕೊಡು ಇಲ್ಲಿ." ಹೊಟ್ಟು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡ. ಅಡಿಗೆಮನೆ ದಾಟಿಸಿದ, ಮಲಗುವ ಕೋಣೆ ದಾಟಿಸಿದ. ಹಿಂದುಗಡೆಯ ಒಂದು ಸಣ್ಣ ಕೋಣೆಯ ಫೋಟೋಗೆ ಬಂದು ನಿಂತ. ಬರಿ ನೆಲ, ಬಿಳಿ ಗೋಡೆ, ಒಂದು ಅಗಲವಾದ ಕಿಟಕಿ. ಫೋನನ್ನು ಆ ಕಡೆ ಈ ಕಡೆ ಹೊರಳಿಸಿ, ತಾನೂ ಅದರೊಂದಿಗೆ ಹೊರಳಿ, ಗೋಡೆಯ ಕಡೆ ಮುಖ ಮಾಡಿ ನಿಂತ.

"ಇಲ್ಲಿ ಮೇಜು ಹಾಕಿದ್ರೆ ಬೆಳಕು ಬಲಗಡೆಯಿಂದ ಬರುತ್ತಲ್ವಾ?"